ಸಂಕಲನಕ್ಕೆ ಒಗ್ಗದ ವಿಡಿಯೊ ಕಡತಗಳು: ದೋಷ ಗುರುತಿಸುವ ಕ್ರಮ ಮತ್ತು ಪರಿವರ್ತನೆಯ ವಿಧಾನ

ಪತ್ತನಾಜೆಗೆ (ಬೇಸಿಗೆಯ ಕೊನೆಯ ತುಳು ಪರ್ವದಿನ) ಊರಿನ ಮೇಳಗಳ ತಿರುಗಾಟ ನಿಂತ ಮೇಲೆ ಕರಾವಳಿಯ ಕಲಾವಿದರು ಮುಂಬಯಿಗೆ ಬರುತ್ತಾರೆ. ಮಾಟುಂಗದಿಂದ ಕುರ್ಲಾದವರೆಗೆ ಇಲ್ಲಿನ ಕನ್ನಡ ಸಂಘಗಳ ಸಭಾಗೃಹಗಳಲ್ಲಿ ಮಳೆಗಾಲದ ಯಕ್ಷಗಾನ, ತಾಳಮದ್ದಳೆಗಳು ನಡೆಯುತ್ತವೆ. ಅವುಗಳನ್ನು ಚಿತ್ರೀಕರಿಸುವವರು ಹೆಚ್ಚಾಗಿ ಸಂಘದ ಸದಸ್ಯರೇ ಆಗಿರುವುದರಿಂದ ಕ್ಯಾಮೆರಾಗಳು ಒಂದೇ ಬಗೆಯವಾಗಿರುವುದಿಲ್ಲ: ಸಭಾಗೃಹದ ಹಿಂದೆ ಹಳೆಯ ಕ್ಯಾಮ್‌ಕಾರ್ಡರ್, ಮುಂದಿನ ಸಾಲಿನ ಬದಿಯಲ್ಲಿ ಮಿರರ್‌ಲೆಸ್ ಕ್ಯಾಮೆರಾ, ರಂಗದ ಪಕ್ಕದಲ್ಲಿ ಮೊಬೈಲ್, ಇವುಗಳ ಜೊತೆಗೆ ಮಿಕ್ಸರ್‌ನಿಂದ ನೇರವಾಗಿ ಪಡೆದ ಧ್ವನಿಮುದ್ರಣ. ಈ ನಾಲ್ಕನ್ನೂ ಸಂಕಲನ ತಂತ್ರಾಂಶದ ಒಂದೇ ಟೈಮ್‌ಲೈನಿಗೆ ತಂದಾಗ ಕೆಲವು ಕಡತಗಳು ತೆರೆಯುವುದಿಲ್ಲ, ಕೆಲವು ತಡವರಿಸುತ್ತವೆ, ಕೆಲವುಗಳಲ್ಲಿ ಚೆಂಡೆಯ ಪೆಟ್ಟು ಒಂದು ಕಡೆ ಕೇಳಿದರೆ ಕೋಲು ಇನ್ನೊಂದು ಗಳಿಗೆಯಲ್ಲಿ ಬೀಳುತ್ತದೆ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಎಲ್ಲವನ್ನೂ ಎಂಪಿ4ಗೆ ಪರಿವರ್ತಿಸಿ ಎಂಬುದು. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಮೂಲ ದೋಷ ಯಾವುದೆಂದು ತಿಳಿಯದೆ ಮಾಡಿದ ಪರಿವರ್ತನೆಯಲ್ಲಿ ಆ ದೋಷ ಹೊಸ ಕಡತದೊಳಗೆ ಶಾಶ್ವತವಾಗಿ ಸೇರಿಹೋಗುತ್ತದೆ, ಆಮೇಲೆ ಅದನ್ನು ಬಿಡಿಸುವುದು ಮೊದಲಿಗಿಂತ ಕಷ್ಟ. ಆದ್ದರಿಂದ ಮೊದಲು ಕಡತವನ್ನು ಓದಬೇಕು, ನಂತರ ಲಕ್ಷಣವನ್ನು ಪರೀಕ್ಷಿಸಬೇಕು, ಅಗತ್ಯವಿದ್ದರೆ ಮಾತ್ರ, ಅದೂ ಮೂಲ ಕಡತದಿಂದ ಒಂದೇ ಸಲ, ಪರಿವರ್ತಿಸಬೇಕು.

ಕಡತದ ಒಳಗನ್ನು ಓದುವುದು

ಎಂಪಿ4, ಎಂಒವಿ, ಎಂಕೆವಿ, ಎಂಟಿಎಸ್ ಎಂಬುವು ಕಂಟೇನರ್‌ಗಳ ಹೆಸರುಗಳು. ಚಿತ್ರ, ಧ್ವನಿ, ಸಮಯದ ಮಾಹಿತಿಗಳನ್ನು ಒಟ್ಟಿಗೆ ಕಟ್ಟಿಡುವುದಷ್ಟೇ ಕಂಟೇನರ್‌ನ ಕೆಲಸ. ಒಳಗಿನ ಚಿತ್ರವನ್ನು ಯಾವ ರೀತಿಯಲ್ಲಿ ಕುಗ್ಗಿಸಲಾಗಿದೆ ಎಂಬುದನ್ನು ಹೇಳುವುದು ಕೊಡೆಕ್: 2003ರಲ್ಲಿ ಮಾನಕವಾದ ಎಚ್.264, 2013ರಲ್ಲಿ ಬಂದ ಎಚ್‌ಇವಿಸಿ ಅಥವಾ ಎಚ್.265, ಆಪಲ್‌ನ ಪ್ರೋರೆಸ್, ಆವಿಡ್‌ನ ಡಿಎನ್‌ಎಕ್ಸ್‌ಎಚ್‌ಡಿ ಮತ್ತು ಡಿಎನ್‌ಎಕ್ಸ್‌ಎಚ್‌ಆರ್ ಇವು ಕೊಡೆಕ್‌ಗಳು. ಒಂದೇ ಎಂಒವಿ ವಿಸ್ತರಣೆಯ ಎರಡು ಕಡತಗಳಲ್ಲಿ ಒಂದು ಎಚ್‌ಇವಿಸಿ, ಇನ್ನೊಂದು ಪ್ರೋರೆಸ್ ಆಗಿರಬಹುದು. ಅವುಗಳ ವರ್ತನೆಯಲ್ಲಿ ಯಾವ ಹೋಲಿಕೆಯೂ ಇರುವುದಿಲ್ಲ. ಕಡತದ ಹೆಸರಿನ ಕೊನೆಯ ಮೂರಕ್ಷರ ಬದಲಿಸಿದರೆ ಒಳಗೆ ಏನೂ ಬದಲಾಗದು.

ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದು ಏಳು ವಿಷಯಗಳನ್ನು ಬರೆದಿಟ್ಟುಕೊಳ್ಳಬೇಕು: ಕೊಡೆಕ್, ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರಗಳು), ಆ ದರ ಸ್ಥಿರವೋ ಅಸ್ಥಿರವೋ, ಸ್ಕ್ಯಾನ್ ವಿಧ (ಪ್ರತಿ ಫ್ರೇಮ್ ಇಡಿಯಾಗಿದೆಯೋ ಅರ್ಧರ್ಧ ಸಾಲುಗಳಾಗಿದೆಯೋ), ಬಿಟ್ ಡೆಪ್ತ್ (ಛಾಯೆಗಳ ಸೂಕ್ಷ್ಮತೆ), ಕ್ರೋಮಾ ಅನುಪಾತ (ಬಣ್ಣದ ವಿವರ ಎಷ್ಟು ಉಳಿದಿದೆ ಎಂಬುದು; 4:2:0ಗಿಂತ 4:2:2ರಲ್ಲಿ ಹೆಚ್ಚು), ಧ್ವನಿಯ ಮಾದರಿ ದರ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯಲಾಗಿದೆ). ಕ್ಯಾಮ್‌ಕಾರ್ಡರ್ ಕಡತದ ಸ್ಕ್ಯಾನ್ ವಿಧದಲ್ಲಿ ಎಂಬಿಎಎಫ್‌ಎಫ್ ಎಂದು ಕಂಡರೆ ಅದನ್ನು ಇಂಟರ್‌ಲೇಸ್ಡ್ (ಅರ್ಧರ್ಧ ಸಾಲುಗಳ ಚಿತ್ರ) ಎಂದೇ ತಿಳಿಯಬೇಕು. ಪ್ರತಿ ಕ್ಯಾಮೆರಾದಿಂದ ಒಂದೊಂದು ಕಡತವನ್ನು ಹೀಗೆ ಓದಿದರೆ ಸಾಕು. ಮುಂದಿನ ಪರೀಕ್ಷೆಗಳೆಲ್ಲ ಈ ಟಿಪ್ಪಣಿಯ ಮೇಲೆ ನಿಲ್ಲುತ್ತವೆ.

ಕಡತವೇ ತೆರೆಯದಿದ್ದರೆ

ಮೊದಲು ಅದೇ ಕಡತವನ್ನು ವಿಎಲ್‌ಸಿ ಎಂಬ ಉಚಿತ ಪ್ಲೇಯರ್‌ನಲ್ಲಿ ನುಡಿಸಿ ನೋಡಬೇಕು. ಅಲ್ಲಿ ಸರಿಯಾಗಿ ಓಡಿದರೆ ಕಡತ ಕೆಟ್ಟಿಲ್ಲ, ಸಂಕಲನ ತಂತ್ರಾಂಶಕ್ಕೆ ಅದರ ಕಂಟೇನರ್ ಅಥವಾ ಕೊಡೆಕ್ ತಿಳಿದಿಲ್ಲ ಎಂದರ್ಥ. ಕಂಪ್ಯೂಟರ್ ಪರದೆಯಿಂದ ಮುದ್ರಿಸಿದ ಎಂಕೆವಿ ಕಡತಗಳಲ್ಲಿ ಇದು ಹೆಚ್ಚು. ಇಲ್ಲಿ ಚಿತ್ರವನ್ನು ಪುನಃ ಕುಗ್ಗಿಸುವ ಅಗತ್ಯವಿಲ್ಲ. ಒಳಗಿನ ಚಿತ್ರ ಮತ್ತು ಧ್ವನಿಯನ್ನು ಹಾಗೆಯೇ ಎತ್ತಿ ಎಂಪಿ4 ಅಥವಾ ಎಂಒವಿ ಕಂಟೇನರ್‌ಗೆ ಸೇರಿಸಿದರೆ ಸಾಕಾಗುತ್ತದೆ. ಎಫ್‌ಎಫ್‌ಎಂಪೆಗ್ ಅಥವಾ ಅದರ ಮೇಲೆ ಕಟ್ಟಿದ ಶಟರ್ ಎನ್‌ಕೋಡರ್ ಈ ಕೆಲಸವನ್ನು ನಿಮಿಷಗಳಲ್ಲಿ ಮಾಡುತ್ತವೆ, ಗುಣಮಟ್ಟ ಕಿಂಚಿತ್ತೂ ಕಡಿಮೆಯಾಗುವುದಿಲ್ಲ.

ಚಿತ್ರ ಬಂದು ಧ್ವನಿ ಬಾರದಿದ್ದರೆ ಧ್ವನಿಯ ಕೊಡೆಕ್ ನೋಡಬೇಕು. ಉದಾಹರಣೆಗೆ, ಲಿನಕ್ಸ್‌ನಲ್ಲಿ ಡವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿ ಎಚ್.264 ಮತ್ತು ಎಚ್.265 ಚಿತ್ರವನ್ನು ಬಿಡಿಸುವುದಿಲ್ಲ (ಡಿಕೋಡ್ ಮಾಡುವುದಿಲ್ಲ). ಹಣ ಕೊಟ್ಟು ಪಡೆಯುವ ಸ್ಟುಡಿಯೊ ಆವೃತ್ತಿ ಚಿತ್ರವನ್ನು ಬಿಡಿಸಿದರೂ ಎಎಸಿ ಧ್ವನಿ ಕೇಳಿಸದೆ ಹೋಗುತ್ತದೆ. ಆಗ ಚಿತ್ರವನ್ನು ಮುಟ್ಟದೆ ಧ್ವನಿಯನ್ನು ಮಾತ್ರ ಪಿಸಿಎಂ ಎಂಬ ಕುಗ್ಗಿಸದ ಸ್ವರೂಪಕ್ಕೆ ಬದಲಿಸಬೇಕು.

ವಿಎಲ್‌ಸಿಯಲ್ಲೂ ತೆರೆಯದ ಎಂಪಿ4 ಕಡತದ ವಿಷಯ ಬೇರೆ. ಮುದ್ರಣ ನಡೆಯುತ್ತಿರುವಾಗಲೇ ಬ್ಯಾಟರಿ ಮುಗಿದಿದ್ದರೆ ಅಥವಾ ಕಾರ್ಡ್ ಎಳೆದಿದ್ದರೆ ಕಡತದ ಕೊನೆಯಲ್ಲಿ ಬರೆಯಬೇಕಾಗಿದ್ದ ಸೂಚಿ ಬರೆಯದೇ ಉಳಿದಿರುತ್ತದೆ; ಚಿತ್ರದ ದತ್ತಾಂಶ ಒಳಗೆ ಇದ್ದರೂ ಅದು ಎಲ್ಲಿದೆ ಎಂಬ ವಿವರ ಇರುವುದಿಲ್ಲ. ಅದೇ ಕ್ಯಾಮೆರಾದಲ್ಲಿ ಅದೇ ಹೊಂದಿಕೆಯಲ್ಲಿ ತೆಗೆದ ಒಂದು ಒಳ್ಳೆಯ ಕಡತವನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್ ಎಂಬ ಉಪಕರಣ ಇಂತಹ ಕಡತಗಳನ್ನು ಅನೇಕ ವೇಳೆ ಉಳಿಸಿಕೊಡುತ್ತದೆ. ಅಲ್ಲಿಯವರೆಗೆ ಆ ಕಾರ್ಡಿನಲ್ಲಿ ಬೇರೇನನ್ನೂ ಮುದ್ರಿಸಬಾರದು.

ಧ್ವನಿ ಚಿತ್ರದಿಂದ ಜಾರಿದರೆ

ಯಕ್ಷಗಾನದ ಮುದ್ರಣದಲ್ಲಿ ಅತ್ಯಂತ ಎದ್ದು ಕಾಣುವ ದೋಷ ಇದು. ಅದೃಷ್ಟವಶಾತ್ ಕಾರಣವನ್ನು ನಿಖರವಾಗಿ ಹಿಡಿಯಬಹುದಾದ ದೋಷವೂ ಇದೇ. ಚೆಂಡೆಯ ಒಂಟಿ ಪೆಟ್ಟು ಧ್ವನಿಯ ರೇಖೆಯಲ್ಲಿ ಚೂಪಾದ ಶಿಖರವಾಗಿ ಕಾಣುತ್ತದೆ, ಚಿತ್ರದಲ್ಲಿ ಕೋಲು ಚರ್ಮವನ್ನು ಮುಟ್ಟುವ ಫ್ರೇಮ್ ಕಣ್ಣಿಗೆ ಸಿಗುತ್ತದೆ. ಕಡತದ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಹೀಗೆ ಮೂರು ಪೆಟ್ಟುಗಳನ್ನು ಆರಿಸಿ, ಪ್ರತಿಯೊಂದರಲ್ಲೂ ಧ್ವನಿಗೂ ಚಿತ್ರಕ್ಕೂ ಎಷ್ಟು ಫ್ರೇಮ್ ಅಂತರವಿದೆ ಎಂದು ಬರೆದುಕೊಳ್ಳಬೇಕು. ಈ ಮೂರು ಸಂಖ್ಯೆಗಳು ಒಂದಕ್ಕೊಂದು ಹೇಗೆ ಸಂಬಂಧಿಸಿವೆ ಎಂಬುದರಲ್ಲೇ ರೋಗನಿದಾನವಿದೆ.

ಮೂರೂ ಕಡೆ ಅಂತರ ಒಂದೇ ಆಗಿದ್ದರೆ ಕಡತದಲ್ಲಿ ದೋಷವಿಲ್ಲ. ಶಬ್ದ 20 ಮೀಟರ್ ಕ್ರಮಿಸಲು ಸುಮಾರು 58 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 25 ಫ್ರೇಮ್‌ಗಳ ಚಿತ್ರದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್ ಆದ್ದರಿಂದ, ಸಭಾಗೃಹದ ಹಿಂಬದಿಯಲ್ಲಿರುವ ಕ್ಯಾಮೆರಾದ ಸ್ವಂತ ಮೈಕ್ ಹಿಡಿದ ಧ್ವನಿ ಸುಮಾರು ಒಂದೂವರೆ ಫ್ರೇಮ್ ತಡವಾಗಿಯೇ ಇರುತ್ತದೆ. ಧ್ವನಿಯನ್ನು ಅಷ್ಟು ಹಿಂದಕ್ಕೆ ಸರಿಸಿದರೆ ಕೆಲಸ ಮುಗಿಯಿತು, ಪರಿವರ್ತನೆ ಬೇಡ.

ಅಂತರ ಕಾಲಕ್ಕೆ ಅನುಗುಣವಾಗಿ ಒಂದೇ ಸಮನೆ ಬೆಳೆಯುತ್ತಾ ಹೋದರೆ ಎರಡು ಗಡಿಯಾರಗಳು ಹೊಂದುತ್ತಿಲ್ಲ ಎಂದರ್ಥ. ಬೆಳವಣಿಗೆಯ ಪ್ರಮಾಣ ನೋಡಿ ಯಾವ ಗಡಿಯಾರ ಎಂದು ಹೇಳಬಹುದು. ಒಂದು ಗಂಟೆಗೆ 3.6 ಸೆಕೆಂಡಿನಷ್ಟು ಜಾರಿದ್ದರೆ 29.97 ದರದ ಚಿತ್ರವನ್ನು ಯಾವುದೋ ಹಂತದಲ್ಲಿ 30 ಎಂದು ಓದಲಾಗಿದೆ. ಈ ಎರಡರ ನಡುವಿನ ವ್ಯತ್ಯಾಸ ಸಾವಿರಕ್ಕೆ ಒಂದು ಭಾಗ. ತಂತ್ರಾಂಶದಲ್ಲಿ ಕಡತದ ದರವನ್ನು 29.97 ಎಂದು ಸರಿಪಡಿಸಿದ ಕೂಡಲೇ ದೋಷ ಹೋಗುತ್ತದೆ. ಜಾರುವಿಕೆ ಮೂರು ಗಂಟೆಗೆ ಕೆಲವೇ ಫ್ರೇಮ್‌ಗಳಷ್ಟಿದ್ದರೆ, ಕ್ಯಾಮೆರಾ ಮತ್ತು ಧ್ವನಿಮುದ್ರಕದ ಹರಳುಗಳ ಸಹಜ ವ್ಯತ್ಯಾಸ ಅದಕ್ಕೆ ಕಾರಣ: ಹತ್ತು ಲಕ್ಷದಲ್ಲಿ 20 ಭಾಗದಷ್ಟು ವ್ಯತ್ಯಾಸವಿದ್ದರೂ ಮೂರು ಗಂಟೆಯಲ್ಲಿ ಅದು 0.2 ಸೆಕೆಂಡ್ ದಾಟುತ್ತದೆ, ಅಂದರೆ ಐದು ಫ್ರೇಮ್. ಇದಕ್ಕೆ ಯಾವ ಸ್ವರೂಪಕ್ಕೆ ಪರಿವರ್ತಿಸಿದರೂ ಪರಿಹಾರವಿಲ್ಲ. ಮಿಕ್ಸರ್‌ನ ಧ್ವನಿಯನ್ನು ಆಧಾರವಾಗಿ ಇಟ್ಟುಕೊಂಡು, ಪದ್ಯ ಮುಗಿದು ಮಾತು ಆರಂಭವಾಗುವ ಎಡೆಗಳಲ್ಲಿ ಚಿತ್ರವನ್ನು ಕತ್ತರಿಸಿ ಹೊಂದಿಸುವುದು ಒಳ್ಳೆಯದು. ಧ್ವನಿಯನ್ನು ಕತ್ತರಿಸಬಾರದು; ತಾಳದಲ್ಲಿ ಆದ ಸಣ್ಣ ಲೋಪವನ್ನೂ ಹಿಮ್ಮೇಳ ಬಲ್ಲವರ ಕಿವಿ ಬಿಡುವುದಿಲ್ಲ, ಚಿತ್ರದಲ್ಲಿ ಒಂದು ಫ್ರೇಮ್ ಹೋದರೆ ಯಾರಿಗೂ ತಿಳಿಯುವುದಿಲ್ಲ.

ಭಾಗವತರ ಶ್ರುತಿಯೇ ಸುಮಾರು ಒಂದೂವರೆ ಸ್ವರಸ್ಥಾನ ಏರಿ, ಒಂದು ಗಂಟೆಯ ಧ್ವನಿ 55 ನಿಮಿಷಕ್ಕೆ ಮುಗಿಯುತ್ತಿದ್ದರೆ, 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ್ದನ್ನು 48 ಎಂದು ನುಡಿಸಲಾಗುತ್ತಿದೆ. ಮಾದರಿ ದರವನ್ನು ಸರಿಯಾಗಿ ಗುರುತಿಸಿ 48ಕ್ಕೆ ಪರಿವರ್ತಿಸಿದರೆ ಸರಿಹೋಗುತ್ತದೆ.

ಅಂತರ ಒಮ್ಮೆ ಮುಂದೆ, ಒಮ್ಮೆ ಹಿಂದೆ ಎಂದು ಯಾವ ಲೆಕ್ಕಕ್ಕೂ ಸಿಗದೆ ಏರಿಳಿದರೆ ಅದು ಮೊಬೈಲ್‌ನ ಅಸ್ಥಿರ ಫ್ರೇಮ್ ದರ. ಬೆಳಕು ಕಡಿಮೆಯಾದಾಗ ಅಥವಾ ಫೋನ್ ಬಿಸಿಯಾದಾಗ ಅದು ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ತಾನೇ ಬದಲಿಸುತ್ತದೆ. ಮುಮ್ಮೇಳದ ಪ್ರವೇಶಕ್ಕಾಗಿ ದೀಪ ತಗ್ಗಿಸಿದ ಕಡೆಗಳಲ್ಲಿ ಇದು ಸ್ಪಷ್ಟವಾಗುತ್ತದೆ. ಮೀಡಿಯಾಇನ್ಫೋದಲ್ಲಿ ಅಸ್ಥಿರ ಎಂದಷ್ಟೇ ಇದ್ದರೆ ಗಾಬರಿಯಾಗಬೇಕಾಗಿಲ್ಲ, ಕನಿಷ್ಠ ಮತ್ತು ಗರಿಷ್ಠ ದರಗಳನ್ನು ನೋಡಬೇಕು: 29.9 ಮತ್ತು 30.1ರ ನಡುವೆ ಆಡುತ್ತಿದ್ದರೆ ಬಹುತೇಕ ತಂತ್ರಾಂಶಗಳು ಸಹಿಸುತ್ತವೆ, 18 ಮತ್ತು 30ರ ನಡುವೆ ಇದ್ದರೆ ಖಂಡಿತವಾಗಿ ಪರಿವರ್ತಿಸಬೇಕು. ಪರಿವರ್ತಿಸುವಾಗ ಸ್ಥಿರ ಫ್ರೇಮ್ ದರ ಎಂಬ ಆಯ್ಕೆ ಮಾಡಿ, ಫೋನಿನ ಮೂಲ ದರಕ್ಕೆ ಹತ್ತಿರದ ಸಂಖ್ಯೆಯನ್ನೇ ಕೊಡಬೇಕು. 30ರದ್ದನ್ನು ಇದೇ ಹಂತದಲ್ಲಿ 25ಕ್ಕೆ ಇಳಿಸುವ ಆತುರ ಬೇಡ.

ಕೊನೆಯದಾಗಿ, ಒಂದು ನಿರ್ದಿಷ್ಟ ಜಾಗದವರೆಗೆ ಎಲ್ಲವೂ ಸರಿಯಿದ್ದು ಅಲ್ಲಿಂದ ಮುಂದೆ ಥಟ್ಟನೆ ತಪ್ಪಿದರೆ ಕಡತಗಳ ಬೆಸುಗೆಯನ್ನು ಶಂಕಿಸಬೇಕು. ಎಫ್‌ಎಟಿ32 ಎಂಬ ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಕಾರ್ಡುಗಳಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲವಾದ್ದರಿಂದ ಕ್ಯಾಮೆರಾ ದೀರ್ಘ ಮುದ್ರಣವನ್ನು ತುಂಡು ಮಾಡಿ ಬರೆಯುತ್ತದೆ. 2006ರಲ್ಲಿ ಸೋನಿ ಮತ್ತು ಪ್ಯಾನಸಾನಿಕ್ ಹೊರತಂದ ಎವಿಸಿಎಚ್‌ಡಿ ಪದ್ಧತಿಯಲ್ಲಿ ಈ ತುಂಡುಗಳ ಸಂಬಂಧವನ್ನು ಕಾರ್ಡಿನ ಬೇರೆ ಕಡತಗಳಲ್ಲಿ ಬರೆದಿರುತ್ತದೆ. ಎಂಟಿಎಸ್ ಕಡತಗಳನ್ನು ಮಾತ್ರ ಹೆಕ್ಕಿ ನಕಲು ಮಾಡಿದರೆ ಆ ಸಂಬಂಧ ಕಳೆದುಹೋಗಿ, ತುಂಡುಗಳ ನಡುವೆ ಧ್ವನಿಯಲ್ಲಿ ಸಣ್ಣ ಬಿರುಕು ಉಂಟಾಗುತ್ತದೆ. ಕಾರ್ಡನ್ನು ಫೋಲ್ಡರ್‌ಗಳ ಸಮೇತ ಇಡಿಯಾಗಿ ನಕಲು ಮಾಡಿ, ಸಂಕಲನ ತಂತ್ರಾಂಶದ ಮೀಡಿಯಾ ಬ್ರೌಸರ್ ಮೂಲಕವೇ ಒಳಗೆ ತರುವುದು ಇದರ ಪರಿಹಾರ.

ಚಿತ್ರ ತಡವರಿಸಿದರೆ

ಎಚ್.264 ಮತ್ತು ಎಚ್‌ಇವಿಸಿ ಕಡತಗಳಲ್ಲಿ ಪ್ರತಿಯೊಂದು ಫ್ರೇಮ್ ಪೂರ್ಣವಾಗಿ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಫ್ರೇಮ್ ಇಟ್ಟು, ನಡುವಿನವುಗಳಲ್ಲಿ ಅಕ್ಕಪಕ್ಕದ ಫ್ರೇಮ್‌ಗಳಿಂದ ಆದ ಬದಲಾವಣೆಯನ್ನು ಮಾತ್ರ ಬರೆದಿರುತ್ತಾರೆ. ಆದ್ದರಿಂದ ಟೈಮ್‌ಲೈನಿನಲ್ಲಿ ನಡುವಿನ ಒಂದು ಫ್ರೇಮಿನ ಮೇಲೆ ನಿಂತಾಗ ಕಂಪ್ಯೂಟರ್ ಹಿಂದಿನ ಪೂರ್ಣ ಫ್ರೇಮಿನಿಂದ ಲೆಕ್ಕ ಹಾಕುತ್ತಾ ಬರಬೇಕಾಗುತ್ತದೆ. ನೋಡುವುದಕ್ಕೆ ಈ ವ್ಯವಸ್ಥೆ ಸೊಗಸು, ಕತ್ತರಿಸುವುದಕ್ಕೆ ಭಾರ.

ಆದರೂ ತಡವರಿಕೆಯ ಕಾರಣ ಯಾವಾಗಲೂ ಕೊಡೆಕ್ ಅಲ್ಲ. ತಡವರಿಸುವ ಒಂದು ಕಡತವನ್ನು ಕಂಪ್ಯೂಟರಿನ ಒಳಗಿನ ಎಸ್‌ಎಸ್‌ಡಿಗೆ ನಕಲು ಮಾಡಿ, ಟಾಸ್ಕ್ ಮ್ಯಾನೇಜರ್ ಅಥವಾ ಆ್ಯಕ್ಟಿವಿಟಿ ಮಾನಿಟರ್ ತೆರೆದಿಟ್ಟುಕೊಂಡು ಓಡಿಸಬೇಕು. ಈಗ ಸರಾಗವಾಗಿ ಓಡಿದರೆ ತಪ್ಪು ಹೊರಗಿನ ಡಿಸ್ಕ್‌ನದು ಅಥವಾ ಅದರ ಕೇಬಲ್‌ನದು, ಯುಎಸ್‌ಬಿ 2.0 ಕೇಬಲ್ ಅಥವಾ ಪೋರ್ಟ್‌ಗೆ ಸಿಕ್ಕಿಕೊಂಡ ಡಿಸ್ಕ್ ಸೆಕೆಂಡಿಗೆ 35 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಡುವ ಮೊದಲು ಈ ಪರೀಕ್ಷೆಯನ್ನು ಮಾಡಲೇಬೇಕು. ಒಳಗಿನ ಡಿಸ್ಕ್‌ನಲ್ಲೂ ತಡವರಿಸಿ ಪ್ರೊಸೆಸರ್ ಬಳಕೆ ಶೇಕಡ ನೂರರ ಹತ್ತಿರ ಹೋದರೆ ಮಾತ್ರ ಕೊಡೆಕ್ ಭಾರವಾಗಿದೆ ಎನ್ನಬೇಕು.

ಇಲ್ಲಿ ಬಿಟ್ ಡೆಪ್ತ್ ಮತ್ತು ಕ್ರೋಮಾ ಅನುಪಾತ ಮುಖ್ಯವಾಗುತ್ತವೆ. 8 ಬಿಟ್, 4:2:0 ಇರುವ ಎಚ್.264 ಕಡತವನ್ನು ಬಿಡಿಸುವ ಸರ್ಕ್ಯೂಟ್ ಬಹುತೇಕ ಎಲ್ಲ ಕಂಪ್ಯೂಟರುಗಳಲ್ಲಿದೆ. ಮಿರರ್‌ಲೆಸ್ ಕ್ಯಾಮೆರಾಗಳು ಬರೆಯುವ 10 ಬಿಟ್, 4:2:2 ಕಡತಗಳ ಸ್ಥಿತಿ ಹಾಗಲ್ಲ: ಎನ್‌ವಿಡಿಯಾ ಜೀಫೋರ್ಸ್ ಕಾರ್ಡುಗಳಲ್ಲಿ 4:2:2 ಬಿಡಿಸುವ ಸಾಮರ್ಥ್ಯ ಸೇರಿದ್ದು 2025ರ 50 ಸರಣಿಯಲ್ಲಿ, ಇಂಟೆಲ್‌ನ 11ನೇ ಪೀಳಿಗೆಯ ಪ್ರೊಸೆಸರ್‌ಗಳಲ್ಲಿರುವ ಗ್ರಾಫಿಕ್ಸ್ ಮತ್ತು ಆಪಲ್‌ನ ಎಂ1 ಎಚ್‌ಇವಿಸಿ 4:2:2 ಅನ್ನು ಬಿಡಿಸಬಲ್ಲವು. ಇದರಿಂದಾಗಿ ದುಬಾರಿ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ತಡವರಿಸಿದ ಕಡತ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡುವುದುಂಟು.

ಹಾಗಾದರೆ ಎಲ್ಲವನ್ನೂ ಪ್ರೋರೆಸ್‌ಗೆ ಬದಲಿಸಬಹುದೇ? ಮೊದಲು ಲೆಕ್ಕ ಮಾಡಬೇಕು. ಸೆಕೆಂಡಿಗೆ 25 ಫ್ರೇಮ್‌ಗಳ 3840×2160 ಚಿತ್ರಕ್ಕೆ ಪ್ರೋರೆಸ್ 422 ಸುಮಾರು 492 ಮೆಗಾಬಿಟ್ ದರದಲ್ಲಿ ಬರೆಯುತ್ತದೆ, ಅಂದರೆ ಗಂಟೆಗೆ 221 ಜಿಬಿ. ಮೂರು ಗಂಟೆಯ ಪ್ರಸಂಗವನ್ನು ಮೂರು ಕ್ಯಾಮೆರಾಗಳಲ್ಲಿ ಹೀಗೆ ಹಿಡಿದಿದ್ದರೆ ಸುಮಾರು 2 ಟಿಬಿ ಆಗುತ್ತದೆ. ಮೂರನ್ನೂ ಒಟ್ಟಿಗೆ ಓಡಿಸಲು ಸೆಕೆಂಡಿಗೆ 180 ಎಂಬಿಗಿಂತ ಹೆಚ್ಚು ಬೇಕಾಗಿ, ತಿರುಗುವ ತಟ್ಟೆಯ ಹೊರಗಿನ ಡಿಸ್ಕ್ ಅದನ್ನು ಪೂರೈಸಲಾರದೆ ಹೊಸ ತಡವರಿಕೆ ಆರಂಭವಾಗುತ್ತದೆ. ಅದೇ ಚಿತ್ರವನ್ನು 1920×1080ಕ್ಕೆ ಇಳಿಸಿ ಪ್ರೋರೆಸ್ ಪ್ರಾಕ್ಸಿಯಾಗಿ (ಕತ್ತರಿಸುವುದಕ್ಕಷ್ಟೇ ಬಳಸುವ ಹಗುರ ನಕಲಾಗಿ) ಮಾಡಿದರೆ 38 ಮೆಗಾಬಿಟ್, ಗಂಟೆಗೆ 17 ಜಿಬಿ, ಒಟ್ಟು 153 ಜಿಬಿ ಸಾಕು. ದೀರ್ಘ ಕಾರ್ಯಕ್ರಮಗಳಿಗೆ ಪ್ರಾಕ್ಸಿಯೇ ಸರಿಯಾದ ಹಾದಿ ಎಂಬುದು ನನ್ನ ದೃಢ ಅಭಿಪ್ರಾಯ: ಪ್ರಾಕ್ಸಿಯಲ್ಲಿ ಕತ್ತರಿಸಿ, ಬಣ್ಣ ಹೊಂದಿಸುವಾಗಲೂ ಹೊರತೆಗೆಯುವಾಗಲೂ ಮೂಲ ಕಡತಗಳಿಗೆ ಮರಳುವುದು. ಪ್ರೀಮಿಯರ್ ಪ್ರೊ, ರಿಸಾಲ್ವ್, ಫೈನಲ್ ಕಟ್ ಪ್ರೊ ಮೂರರಲ್ಲೂ ಈ ವ್ಯವಸ್ಥೆಯಿದೆ.

ಪೂರ್ಣ ಪರಿವರ್ತನೆ ಬೇಕಾಗುವುದು ಅಸ್ಥಿರ ದರದ ಮೊಬೈಲ್ ಕಡತಗಳಿಗೆ, ಇಂಟರ್‌ಲೇಸ್ಡ್ ಕಡತಗಳಿಗೆ, ಮತ್ತು ತಂತ್ರಾಂಶ ಓದಲಾರದ ಕೊಡೆಕ್‌ಗಳಿಗೆ. ಮ್ಯಾಕ್‌ನಲ್ಲಿ ಪ್ರೋರೆಸ್, ವಿಂಡೋಸ್‌ನಲ್ಲಿ ಡಿಎನ್‌ಎಕ್ಸ್‌ಎಚ್‌ಆರ್ ಎಂಬುದು ಹಳೆಯ ರೂಢಿ. 2018ರ ಕೊನೆಯಿಂದ ಪ್ರೀಮಿಯರ್ ಪ್ರೊ ವಿಂಡೋಸ್‌ನಲ್ಲೂ ಪ್ರೋರೆಸ್ ಬರೆಯುತ್ತದೆ. ಮೊಬೈಲ್‌ನ 8 ಬಿಟ್ ಚಿತ್ರಕ್ಕೆ ಪ್ರೋರೆಸ್‌ನ ಹಗುರ ರೂಪವಾದ ಎಲ್‌ಟಿ ಧಾರಾಳ ಸಾಕು. ಅದನ್ನು ಹೆಚ್ಚು ದರದ ಎಚ್‌ಕ್ಯೂಗೆ ಏರಿಸಿದರೆ ಜಾಗ ಹೋಗುತ್ತದೆಯೇ ಹೊರತು, ಬಣ್ಣದ ವೇಷದ ಕೆಂಪಿನ ಅಂಚಿನಲ್ಲಿ 4:2:0 ಮುದ್ರಣದಲ್ಲೇ ಕಳೆದುಹೋದ ವಿವರ ಮರಳುವುದಿಲ್ಲ. 10 ಬಿಟ್ ಮೂಲವಿದ್ದರೆ ಎಚ್ಚರ ಬೇಕು: ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂ 8 ಬಿಟ್‌ನದು, ಎಚ್‌ಕ್ಯೂಎಕ್ಸ್ ಆರಿಸದಿದ್ದರೆ ಹಿಂಪರದೆಯ ನಯವಾದ ಛಾಯೆಗಳಲ್ಲಿ ಪಟ್ಟಿಗಳು ಮೂಡುತ್ತವೆ.

ಗೆರೆ, ಮಿನುಗು, ಬಣ್ಣ

ವೇಷಧಾರಿ ದಿಗಿಣ (ತಿರುಗುತ್ತಾ ಹಾರುವ ಕುಣಿತ) ಹಾಕುವಾಗ ಅಂಚುಗಳಲ್ಲಿ ಬಾಚಣಿಗೆಯ ಹಲ್ಲಿನಂತಹ ಅಡ್ಡ ಗೆರೆಗಳು ಕಂಡರೆ ಅದು ಇಂಟರ್‌ಲೇಸ್ಡ್ ಚಿತ್ರ. 50ಐ ಎಂಬ ಕ್ಯಾಮ್‌ಕಾರ್ಡರ್ ಹೊಂದಿಕೆಯಲ್ಲಿ ಸೆಕೆಂಡಿಗೆ 50 ಅರ್ಧಚಿತ್ರಗಳಿರುತ್ತವೆ. ಅವನ್ನು 50 ಪೂರ್ಣ ಫ್ರೇಮ್‌ಗಳಾಗಿ ಬಿಡಿಸಿದರೆ ಚಲನೆಯ ನಯ ಉಳಿಯುತ್ತದೆ, 25ಕ್ಕೆ ಬಿಡಿಸಿದರೆ ಅರ್ಧದಷ್ಟು ಚಲನೆ ಹೋಗುತ್ತದೆ. ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯುಡಿಐಎಫ್ ಶೋಧಕ ಈ ಕೆಲಸಕ್ಕೆ ಚೆನ್ನಾಗಿದೆ. ಬಿಡಿಸಿದ ಮೇಲೆ ಚಿತ್ರ ಹಿಂದೆ ಮುಂದೆ ಜಗ್ಗಿದಂತೆ ಕಂಡರೆ ಅರ್ಧಚಿತ್ರಗಳ ಕ್ರಮ ತಲೆಕೆಳಗಾಗಿದೆ: ಎವಿಸಿಎಚ್‌ಡಿಯಲ್ಲಿ ಮೇಲಿನ ಸಾಲು ಮೊದಲು, ಮಿನಿಡಿವಿ ಟೇಪಿನ 720×576 ಚಿತ್ರದಲ್ಲಿ ಕೆಳಗಿನ ಸಾಲು ಮೊದಲು. ಸಂಘಗಳ ಕಪಾಟುಗಳಲ್ಲಿ ಇಂತಹ ಟೇಪುಗಳು ಇನ್ನೂ ಇವೆ. ಮುಂಬಯಿಯ ತೇವಕ್ಕೆ ಅವುಗಳ ಮೇಲೆ ಬೂಷ್ಟು ಬೆಳೆಯುವುದರಿಂದ, ಗಂಟೆಗೆ 13 ಜಿಬಿಯಷ್ಟೇ ಆಗುವ ಆ ಮೂಲ ಡಿವಿ ಕಡತಗಳನ್ನು ಬೇಗನೆ ಇಳಿಸಿಕೊಂಡು ಹಾಗೆಯೇ ಕಾಪಾಡುವುದು ಒಳ್ಳೆಯದು.

ಮಿನುಗು ಪರಿವರ್ತನೆಯಿಂದ ಹೋಗುವುದಿಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಕ್ಯಾಮೆರಾ ಎನ್‌ಟಿಎಸ್‌ಸಿ ಎಂಬ ಅಲ್ಲಿನ ಟಿವಿ ಪದ್ಧತಿಯ ಹೊಂದಿಕೆಯಲ್ಲಿ 29.97 ಫ್ರೇಮ್, 1/60 ಶಟರ್‌ನಲ್ಲಿ ಕೆಲಸ ಮಾಡುವುದರಿಂದ ಬೆಳಕು ಅಲೆಯಾಡುತ್ತದೆ. ನಮ್ಮ ಪದ್ಧತಿಯಾದ ಪಾಲ್ ಹೊಂದಿಕೆಗೆ ಬದಲಿಸಿ 25 ಫ್ರೇಮ್, 1/50 ಶಟರ್ ಇಟ್ಟರೆ ಇದು ನಿಲ್ಲುತ್ತದೆ, ಮೂರೂ ಕ್ಯಾಮೆರಾಗಳ ದರವೂ ಒಂದಾಗುತ್ತದೆ. ಈಗಾಗಲೇ 29.97ರಲ್ಲಿ ತೆಗೆದದ್ದನ್ನು 25ರ ಟೈಮ್‌ಲೈನಿಗೆ ಹಾಕಿದರೆ ಸೆಕೆಂಡಿಗೆ ಸುಮಾರು ಐದು ಫ್ರೇಮ್ ಬಿಟ್ಟುಹೋಗಿ ಕುಣಿತ ಕುಂಟಿದಂತೆ ಕಾಣುತ್ತದೆ. ಆ ಕ್ಯಾಮೆರಾವನ್ನು ಅರ್ಥಗಾರಿಕೆಯ ಭಾಗಕ್ಕೆ ಬಳಸಿ, ಕುಣಿತಕ್ಕೆ ಉಳಿದ ಕ್ಯಾಮೆರಾಗಳನ್ನು ಆರಿಸುವುದು ಸಂಕಲನಕಾರರಿಗೆ ಉಳಿಯುವ ಮಾರ್ಗ.

ಐಫೋನ್ 12 ಮತ್ತು ಅನಂತರದ ಫೋನುಗಳ ಚಿತ್ರ ಟೈಮ್‌ಲೈನಿನಲ್ಲಿ ಅತಿಯಾಗಿ ಬೆಳಗಿ ಮುಖಗಳು ಬಿಳುಚಿದರೆ ಅದು ಎಚ್‌ಡಿಆರ್ (ಬೆಳಕಿನ ಹೆಚ್ಚು ವ್ಯಾಪ್ತಿಯ) ಮುದ್ರಣ. ಅದನ್ನು ಸಾಮಾನ್ಯ ಎಚ್‌ಡಿ ಬಣ್ಣದ ಮಾನಕವಾದ ರೆಕ್ 709ಕ್ಕೆ ತರುವ ಬಣ್ಣ ಪರಿವರ್ತನೆಯನ್ನು ತಂತ್ರಾಂಶದಲ್ಲೇ ಅನ್ವಯಿಸಬೇಕು, ಮತ್ತು ಮುಂದಿನ ಕಾರ್ಯಕ್ರಮಕ್ಕೆ ಫೋನಿನಲ್ಲೇ ಎಚ್‌ಡಿಆರ್ ವಿಡಿಯೊ ಹೊಂದಿಕೆಯನ್ನು ನಿಲ್ಲಿಸಿಬಿಡಬೇಕು. ಕಪ್ಪು ಬೂದಿಯಾಗಿ ಅಥವಾ ಇದ್ದಿಲಿನಂತೆ ಗಟ್ಟಿಯಾಗಿ ಕಂಡರೆ 16ರಿಂದ 235ರವರೆಗಿನ ಸೀಮಿತ ವ್ಯಾಪ್ತಿಗೂ 0ಯಿಂದ 255ರವರೆಗಿನ ಪೂರ್ಣ ವ್ಯಾಪ್ತಿಗೂ ಅದಲುಬದಲಾಗಿದೆ. ಕಡತದ ಗುಣಲಕ್ಷಣಗಳಲ್ಲಿ ವ್ಯಾಪ್ತಿಯನ್ನು ಸರಿಪಡಿಸಿದರಾಯಿತು.

ಪರಿವರ್ತಿಸಿದ ಮೇಲೆ

ಎಲ್ಲ ಕಡತಗಳನ್ನು ಒಮ್ಮೆಗೇ ಪರಿವರ್ತನೆಗೆ ಹಾಕದೆ, ಪ್ರತಿ ಕ್ಯಾಮೆರಾದ ಒಂದು ನಿಮಿಷದ ತುಂಡನ್ನು ಮೊದಲು ಪರಿವರ್ತಿಸಿ ಟೈಮ್‌ಲೈನಿನಲ್ಲಿ ನೋಡಬೇಕು. ನಂತರ ಪೂರ್ಣ ಕಡತಗಳಲ್ಲಿ ಹೊಸದರ ಅವಧಿ ಮೂಲದ ಅವಧಿಗೆ ಹೊಂದುತ್ತದೆಯೇ, ಕೊನೆಯ ನಿಮಿಷದ ಚೆಂಡೆಯ ಪೆಟ್ಟು ಸರಿಯಾಗಿ ಬೀಳುತ್ತದೆಯೇ ಎಂದು ಪರೀಕ್ಷಿಸಬೇಕು. ಧ್ವನಿಯ ವಾಹಿನಿಗಳನ್ನೂ ಎಣಿಸಬೇಕು, ಏಕೆಂದರೆ ಭಾಗವತರ ಮೈಕ್ ಎಡಕ್ಕೆ, ಮುಮ್ಮೇಳದ ಮೈಕ್ ಬಲಕ್ಕೆ ಎಂದು ಬೇರ್ಪಡಿಸಿ ಮುದ್ರಿಸಿದ್ದನ್ನು ಕೆಲವು ಸಿದ್ಧ ಹೊಂದಿಕೆಗಳು ಸದ್ದಿಲ್ಲದೆ ಒಂದಾಗಿ ಕಲಸಿಬಿಡುತ್ತವೆ, ಆಮೇಲೆ ಅವುಗಳನ್ನು ಬೇರ್ಪಡಿಸಲಾಗದು.

ಮೂಲ ಕಡತಗಳ ನಕಲು ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಇರುವುದು ಖಚಿತವಾಗುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬಾರದು. ಕೆಲವು ಕ್ಯಾಮೆರಾಗಳಲ್ಲಿ ಎನ್‌ಟಿಎಸ್‌ಸಿಯಿಂದ ಪಾಲ್‌ಗೆ ಬದಲಿಸಿದ ಕೂಡಲೇ ಒಳಗಿರುವ ಕಾರ್ಡನ್ನು ಫಾರ್ಮ್ಯಾಟ್ ಮಾಡುವಂತೆ ಕೇಳುವುದರಿಂದ, ಈ ಬದಲಾವಣೆಯನ್ನು ಸಭಾಗೃಹಕ್ಕೆ ಹೋದ ಮೇಲೆ ಮಾಡದೆ, ಹಿಂದಿನ ದಿನವೇ ಮನೆಯಲ್ಲಿ ಖಾಲಿ ಕಾರ್ಡ್ ಹಾಕಿ ಮಾಡಿಕೊಳ್ಳಬೇಕು.